ಕೆಡಿಸಲಿಕ್ಕೊಂದು ಕಂಪ್ಯೂಟರ್

ಔರಾದಿನ ಮನೆಯೊಂದರಲ್ಲಿ ಲ್ಯಾಪ್‌ಟಾಪ್ ಇದ್ದರೆ ಬಹುತೇಕ ಅದೊಂದೇ ಇರುತ್ತದೆ. ಅಣ್ಣನ ಪ್ರಾಜೆಕ್ಟ್ ವರದಿ, ತಂಗಿಯ ಸ್ಕಾಲರ್‌ಶಿಪ್ ಅರ್ಜಿ, ಅಪ್ಪನ ಪಹಣಿಯ ಪಿಡಿಎಫ್, ಹೋದ ವರ್ಷದ ಲಗ್ನದ ಫೋಟೊ ಎಲ್ಲವೂ ಅದರ ಹೊಟ್ಟೆಯಲ್ಲೇ. ಅದರ ಮುಂದೆ ಕೂತ ಡಿಪ್ಲೊಮಾ ಅಥವಾ ಬಿಇ ವಿದ್ಯಾರ್ಥಿಗೆ ಮನೆಯವರು ಮೊದಲು ಹೇಳುವ ಮಾತು ‘ಏನರೆ ಕೆಡಿಸಿಗಿಡಿಸಿ, ಜ್ವಾಕಿ’ ಎಂಬುದು. ಆ ಮಾತಿನಲ್ಲಿ ತಪ್ಪಿಲ್ಲ. ದೊಡ್ಡ ರಿಪೇರಿ ಬಂದರೆ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಬೀದರಿಗೆ ಹೊತ್ತೊಯ್ಯಬೇಕು. ಅಲ್ಲಿ ‘ಫಾರ್ಮ್ಯಾಟ್ ಹೊಡೀಬೇಕ್ರಿ’ ಎಂದುಬಿಟ್ಟರೆ ಒಳಗಿದ್ದದ್ದೆಲ್ಲ ಹೋದಂತೆಯೇ. ಕಾಲೇಜಿನ ಲ್ಯಾಬಿನಲ್ಲೂ ಕಥೆ ಬೇರೆಯಲ್ಲ. ನಾಳೆ ಇನ್ನೊಂದು ಬ್ಯಾಚು ಅದೇ ಕುರ್ಚಿಗೆ ಬರಬೇಕಾದ್ದರಿಂದ ಅಡ್ಮಿನ್ ಪಾಸ್‌ವರ್ಡನ್ನು ವಿದ್ಯಾರ್ಥಿಯ ಕೈಗೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಹೀಗೆ ಮನೆಯಲ್ಲೂ ಮುಟ್ಟದೆ, ಲ್ಯಾಬಿನಲ್ಲೂ ಮುಟ್ಟದೆ, ಆಪರೇಟಿಂಗ್ ಸಿಸ್ಟಂ ಎಂಬ ವಿಷಯದಲ್ಲಿ ಪಾಸಾಗಿ ಹೊರಬರುವ ಹುಡುಗ ಹುಡುಗಿಯರು ಒಂದು ಆಪರೇಟಿಂಗ್ ಸಿಸ್ಟಮನ್ನೂ ತಮ್ಮ ಕೈಯಾರೆ ಹಾಕಿರುವುದಿಲ್ಲ. ಬೀದರಿನಲ್ಲಿ 1980ರಿಂದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಹೆಸರಿನ ತಾಂತ್ರಿಕ ಕಾಲೇಜಿದೆ; ಜಿಲ್ಲೆಗೆ ಪಾಠದ ಕೊರತೆ ಇಲ್ಲ. ಕೊರತೆ ಇರುವುದು ಕೆಡಿಸಲಿಕ್ಕೊಂದು ಕಂಪ್ಯೂಟರಿನದು. ಅದಕ್ಕೆ ಹೊಸದಾಗಿ ದುಡ್ಡು ಹಾಕಬೇಕಿಲ್ಲ, ಇರುವ ಯಂತ್ರದ ಒಳಗೇ ಅದು ಪುಕ್ಕಟೆ ಸಿಗುತ್ತದೆ ಎಂಬುದು ನನ್ನ ವಾದ.

ವರ್ಚುವಲ್ ಮೆಷಿನ್ ಎಂದು ಕರೆಯುವುದು ಇದನ್ನೇ. ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್ ಅದು. ಐಬಿಎಂ ಕಂಪನಿ 1972ರಲ್ಲೇ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬ ವ್ಯವಸ್ಥೆ ತಂದು ಒಂದನ್ನು ಹಲವಾಗಿ ಹಂಚಿಕೊಟ್ಟಿತ್ತು. 1999ರಲ್ಲಿ ವಿಎಂವೇರ್ ಅದನ್ನು ಮೇಜಿನ ಮೇಲಿನ ಪಿಸಿಗೆ ಇಳಿಸಿತು. 2005-06ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರಿನಲ್ಲೇ ಅದಕ್ಕೆ ಅನುಕೂಲ ಮಾಡಿಕೊಟ್ಟವು. 2007ರಲ್ಲಿ ಜರ್ಮನಿಯ ಇನೊಟೆಕ್ ಎಂಬ ಸಣ್ಣ ಕಂಪನಿ ವರ್ಚುವಲ್‌ಬಾಕ್ಸ್ ಅನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಈಗ ಅದು ಒರಾಕಲ್ ಕೈಯಲ್ಲಿದೆ. ಭಾಲ್ಕಿಯವರಿಗೆ ಇದನ್ನು ಅರ್ಥ ಮಾಡಿಸುವುದು ಬೇರೆ ಊರಿನವರಿಗಿಂತ ಸುಲಭ. ನಿಜಾಮನ ಆಳ್ವಿಕೆಯಲ್ಲಿ ಅಲ್ಲಿನ ಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ್ದು ಗಡಿಸೀಮೆಯ ಎಲ್ಲರಿಗೂ ಗೊತ್ತು. ಹೊರಗೊಂದು, ಒಳಗೊಂದು, ಎರಡೂ ಒಂದೇ ಕಟ್ಟಡದಲ್ಲಿ, ಒಂದಕ್ಕೊಂದು ಅಡ್ಡಿಯಿಲ್ಲದೆ. ವ್ಯತ್ಯಾಸವೊಂದಿದೆ. ಪಟ್ಟದ್ದೇವರ ಶಾಲೆಯಲ್ಲಿ ಒಳಗಿನವರಿಗೆ ಎಲ್ಲ ಗೊತ್ತಿತ್ತು, ಮೋಸ ಹೋದವರು ಹೊರಗಿನ ಅಧಿಕಾರಿಗಳು. ಇಲ್ಲಿ ಮೋಸ ಹೋಗುವುದು ವಿಂಡೋಸಿನೊಳಗೆ ಕಟ್ಟಿದ ಕಂಪ್ಯೂಟರಿನಲ್ಲಿ ಹಾಕಿದ ಲಿನಕ್ಸ್: ತನಗೆ ಸ್ವಂತ ಹಾರ್ಡ್‌ಡಿಸ್ಕ್ ಇದೆ, ಸ್ವಂತ ನೆಟ್‌ವರ್ಕ್ ಕಾರ್ಡ್ ಇದೆ ಎಂದೇ ಅದು ತಿಳಿದಿರುತ್ತದೆ. ನಿಜದಲ್ಲಿ ಆ ಹಾರ್ಡ್‌ಡಿಸ್ಕ್ ಎಂಬುದು ವಿಂಡೋಸಿನ ಯಾವುದೋ ಫೋಲ್ಡರಿನಲ್ಲಿ ಕೂತ ಒಂದು ಫೈಲು, ಅಷ್ಟೆ.

ಫೈಲು ಎಂಬುದರಲ್ಲೇ ಇದರ ಶಕ್ತಿಯೆಲ್ಲ ಅಡಗಿದೆ. ಫೈಲನ್ನು ಕಾಪಿ ಮಾಡಬಹುದು, ಅಳಿಸಬಹುದು, ಪೆನ್‌ಡ್ರೈವಿನಲ್ಲಿ ಗೆಳೆಯನಿಗೆ ಕೊಡಬಹುದು. ವರ್ಚುವಲ್‌ಬಾಕ್ಸಿನಲ್ಲಿ ಸ್ನ್ಯಾಪ್‌ಶಾಟ್ ಎಂಬ ಗುಂಡಿಯಿದೆ. ಒತ್ತಿದರೆ ಒಳಗಿನ ಯಂತ್ರ ಆ ಕ್ಷಣಕ್ಕೆ ಹೇಗಿದೆಯೋ ಹಾಗೇ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ವಿದ್ಯಾರ್ಥಿ ಏನು ಬೇಕಾದರೂ ಮಾಡಲಿ. ಪಾರ್ಟಿಶನ್ ಅಳಿಸಲಿ, ಬೂಟ್‌ಲೋಡರನ್ನು ಹಾಳುಗೆಡವಲಿ, ಸಿಸ್ಟಂ ಫೋಲ್ಡರುಗಳನ್ನೆಲ್ಲ ಒರೆಸಿಹಾಕುವ ಆ ಕುಖ್ಯಾತ ಆರ್‌ಎಂ ಆಜ್ಞೆಯನ್ನು ಕೈಯಾರೆ ಓಡಿಸಿ ನೋಡಲಿ. ಪರದೆ ತುಂಬ ದೋಷದ ಸಾಲುಗಳು ಹರಿದು, ಯಂತ್ರ ಮತ್ತೆ ಏಳದೆ ಕಪ್ಪಗೆ ಕೂರುತ್ತದೆ. ಸ್ನ್ಯಾಪ್‌ಶಾಟಿಗೆ ಹಿಂದಿರುಗಿದರೆ ಒಂದೆರಡು ನಿಮಿಷದಲ್ಲಿ ಎಲ್ಲ ಮೊದಲಿನಂತೆ. ಅಪ್ಪನ ಪಹಣಿಗೆ ಏನೂ ಆಗಿರುವುದಿಲ್ಲ. ಎರಡು ಯಂತ್ರ ಕಟ್ಟಿ ಒಂದನ್ನು ಸರ್ವರ್ ಮಾಡಿ ಇನ್ನೊಂದರಿಂದ ಅದಕ್ಕೆ ಹೋಗುವುದು, ಫೈರ್‌ವಾಲಿನಲ್ಲಿ ತನ್ನನ್ನೇ ತಾನು ಹೊರಗೆ ಹಾಕಿಕೊಂಡು ಮತ್ತೆ ಒಳಗೆ ಬರುವ ದಾರಿ ಹುಡುಕುವುದು, ಇಂಥ ಪಾಠಗಳನ್ನು ಯಾವ ಗೈಡೂ ಕೊಡಲಾರದು. ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಕೆಲಸ ಹುಡುಕಿ ಹೋದಾಗ ಕೇಳುವುದೂ ಇದನ್ನೇ.

‘ನಮ್ಮ ಯಂತ್ರಕ್ಕೆ ಅಷ್ಟು ತಾಕತ್ತಿಲ್ಲ’ ಎಂಬುದು ಮೊದಲ ಆಕ್ಷೇಪ, ಅದು ಅರ್ಧ ಸರಿ. 4 ಜಿಬಿ ರ‍್ಯಾಮಿನ, ತಿರುಗುವ ಹಳೇ ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನೊಳಗೆ ಉಬುಂಟು ಡೆಸ್ಕ್‌ಟಾಪ್ ಓಡಿಸಲು ಹೋದರೆ ಮೌಸಿನ ಬಾಣವೂ ಕುಂಟುತ್ತದೆ. 8 ಜಿಬಿ ರ‍್ಯಾಮು, ಒಂದು ಎಸ್‌ಎಸ್‌ಡಿ ಇದ್ದರೆ ಆರಾಮು. ಆದರೆ ಕಲಿಕೆಗೆ ಬಣ್ಣದ ಡೆಸ್ಕ್‌ಟಾಪೇ ಬೇಕೆಂದೇನಿಲ್ಲ. ಚಿತ್ರವಿಲ್ಲದ, ಬರೀ ಆಜ್ಞೆಯ ಸಾಲಿನ ಡೆಬಿಯನ್ ಲಿನಕ್ಸ್ ಒಂದು ಜಿಬಿಯೊಳಗೆ ಹಾಯಾಗಿ ಓಡುತ್ತದೆ, ಕೆಲಸದ ಜಾಗದಲ್ಲಿ ಎದುರಾಗುವ ಸರ್ವರುಗಳೂ ಹೆಚ್ಚಾಗಿ ಹಾಗೇ ಇರುತ್ತವೆ. ಎಷ್ಟೋ ಸಲ ತೊಂದರೆ ತಾಕತ್ತಿನದಾಗಿರುವುದೇ ಇಲ್ಲ. ಪ್ರೊಸೆಸರಿನಲ್ಲಿ ಇದಕ್ಕೆಂದೇ ಇರುವ ಅನುಕೂಲವನ್ನು ಬಯೋಸಿನಲ್ಲಿ ಮುಚ್ಚಿಟ್ಟಿರುತ್ತಾರೆ, ಅದರಿಂದ ಒಳಗಿನ ಯಂತ್ರ ಶುರುವಾಗದೆ ದೋಷ ತೋರಿಸುತ್ತದೆ, ಹುಡುಗರು ‘ನಮ್ದರಾಗ ಬರಂಗಿಲ್ಲ’ ಎಂದು ಕೈಬಿಡುತ್ತಾರೆ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಒತ್ತಿದರೆ ಕೆಳಗೆ ವರ್ಚುವಲೈಸೇಶನ್ ಎಂಬ ಸಾಲು ಕಾಣುತ್ತದೆ. ಅಲ್ಲಿ ಡಿಸೇಬಲ್ಡ್ ಎಂದಿದ್ದರೆ ಯಂತ್ರ ಚಾಲೂ ಆಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀಲಿ ಒತ್ತಿ ಬಯೋಸಿಗೆ ಹೋಗಬೇಕು. ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬುದನ್ನು ತೆರೆಯಬೇಕು. ಐದು ನಿಮಿಷದ ಕೆಲಸ. ಇದನ್ನು ಹೇಳಿಕೊಡುವವರಿಲ್ಲದೆ ಒಂದು ವರ್ಷದ ಕಲಿಕೆ ನಿಂತುಹೋಗುವುದು ಬಡತನದ ಲೆಕ್ಕಕ್ಕೆ ಬರುವುದಿಲ್ಲ.

ಕ್ಲೌಡ್ ಇರುವಾಗ ಇದೆಲ್ಲ ಯಾಕೆ ಎಂಬುದು ಎರಡನೆಯ ಆಕ್ಷೇಪ. ಬಾಡಿಗೆ ಸರ್ವರಿನ ಉಚಿತ ಖಾತೆಗಳು ಇವೆ, ನಿಜ. ಆದರೆ ದೊಡ್ಡ ಕಂಪನಿಗಳು ಖಾತೆ ತೆರೆಯುವಾಗಲೇ ಕಾರ್ಡಿನ ನಂಬರ್ ಕೇಳುತ್ತವೆ, ಮಿತಿ ಮೀರಿದರೆ ಬಿಲ್ಲು ಬರುತ್ತದೆ. ಕೆಡಿಸಿ ಕಲಿಯುವ ಹುಡುಗನ ಕೈಗೆ ಬಿಲ್ಲು ಹುಟ್ಟಿಸುವ ಯಂತ್ರ ಕೊಡುವುದು ಬುದ್ಧಿವಂತಿಕೆಯಲ್ಲ. ಅದಕ್ಕಿಂತ ಮುಖ್ಯವಾಗಿ, ಕ್ಲೌಡಿಗೆ ಪ್ರತಿ ಗಳಿಗೆಗೂ ನೆಟ್ ಬೇಕು. ಮನೆಯ ವರ್ಚುವಲ್ ಮೆಷಿನ್‌ಗೆ ಒಂದು ಸಲ ಸಾಕು. ಆ ಒಂದು ಸಲವೂ ಹಗುರವಲ್ಲ, ಅದನ್ನು ಒಪ್ಪಬೇಕು. ಉಬುಂಟು 24.04ರ ಡೆಸ್ಕ್‌ಟಾಪ್ ಫೈಲು 5 ಜಿಬಿಗಿಂತ ದೊಡ್ಡದು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಇಟ್ಟು ಇಳಿಸಿದರೆ ನಾಲ್ಕು ದಿನ, ನಡುವೆ ಕರೆಂಟ್ ಹೋದರೆ ಇನ್ನೊಂದು ದಿನ. 5ಜಿ ಸಿಗುವ ಕಡೆ ಮಾತು ಬೇರೆ. ಆದರೆ ತರಗತಿಯಲ್ಲಿ ಒಬ್ಬರು ಇಳಿಸಿದರೆ ಅರವತ್ತು ಜನರಿಗೆ ಸಾಕಲ್ಲವೇ? ಸಿನಿಮಾ ಹಂಚಿಕೊಳ್ಳಲು ಯಾರೂ ಕಲಿಸಬೇಕಾಗಿಲ್ಲ. ಅದೇ ಪೆನ್‌ಡ್ರೈವಿನಲ್ಲಿ ಇದೂ ಹೋಗುತ್ತದೆ. ಇದು ಕಾನೂನುಬದ್ಧವೂ ಹೌದು ಎಂಬುದು ಹೆಚ್ಚುವರಿ ಲಾಭ.

ವಿದ್ಯಾರ್ಥಿಗಳನ್ನು ಬಿಟ್ಟು ಪೇಟೆಗೆ ಬಂದರೆ ಇನ್ನೊಂದು ಪ್ರಯೋಜನ ಕಾಣುತ್ತದೆ, ನನಗೆ ಅದು ಅಷ್ಟೇ ದೊಡ್ಡದೆನಿಸುತ್ತದೆ. ಬೀದರಿನ ಡಿಟಿಪಿ ಅಂಗಡಿ ಕರ್ನಾಟಕದ ಬೇರೆ ಊರುಗಳ ಅಂಗಡಿಯಂತಲ್ಲ. ಲಗ್ನಪತ್ರಿಕೆ ಕನ್ನಡದಲ್ಲೂ ಬೇಕು, ಮರಾಠಿಯಲ್ಲೂ ಬೇಕು, ಉರ್ದುವಿನಲ್ಲೂ ಬೇಕು. ಕನ್ನಡಕ್ಕೆ ಪೇಜ್‌ಮೇಕರಿನ ಜೊತೆ ನುಡಿ ಅಥವಾ ಶ್ರೀಲಿಪಿ, ಉರ್ದುವಿಗೆ ಇನ್‌ಪೇಜ್, ಹೀಗೆ ಒಂದೊಂದು ಲಿಪಿಗೆ ಒಂದೊಂದು ಹಳೇ ತಂತ್ರಾಂಶ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದು ಹಾಯಾಗಿ ಓಡುವ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಎಳ್ಳುನೀರು ಬಿಟ್ಟಿತು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಮಠದ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಯಾರೋ ಕವಿಯ ಮೊದಲ ಸಂಕಲನ, ಇಪ್ಪತ್ತು ವರ್ಷದ ಇಂಥ ಕೆಲಸವೆಲ್ಲ ಆ ಹಳೇ ಫೈಲುಗಳಲ್ಲೇ ಕೂತಿದೆ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನ ಫೈಲನ್ನು ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಯಾವುದೋ ಯುರೋಪಿನ ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಗೀಟು ಹೊತ್ತು ಸಾಲಾಗಿ ನಿಂತಿರುತ್ತವೆ. ಅದಕ್ಕೇ ಅಂಗಡಿಯ ಮೂಲೆಯಲ್ಲಿ ಹಳದಿಗಟ್ಟಿದ ಸಿಪಿಯು ಒಂದನ್ನು ದೇವರಂತೆ ಕಾಪಾಡಿಕೊಂಡಿರುತ್ತಾರೆ. ಅದರ ಡಿಸ್ಕ್ ಒಂದು ದಿನ ಕಟಕಟ ಸದ್ದು ಮಾಡಿ ನಿಲ್ಲುತ್ತದೆ. ನಿಲ್ಲುವ ಮುಂಚೆ ಆ ಎಕ್ಸ್‌ಪಿಯನ್ನು ಹೊಸ ಯಂತ್ರದೊಳಗೆ ವರ್ಚುವಲ್ ಮೆಷಿನ್ ಮಾಡಿ ಕೂರಿಸಿಕೊಳ್ಳಬೇಕು. ಅದಕ್ಕೆ ನೆಟ್ ಸಂಪರ್ಕ ಕೊಡಲೇಬಾರದು, ಅದಕ್ಕೆ ನಿಯಮಿತವಾಗಿ ಬರುತ್ತಿದ್ದ ರಕ್ಷಣೆಯ ಅಪ್‌ಡೇಟ್ ನಿಂತು ಹತ್ತು ವರ್ಷ ದಾಟಿದೆ. ಹಂಚಿಕೆಯ ಫೋಲ್ಡರಿನಿಂದ ಪಿಡಿಎಫ್ ಹೊರಗೆ ತೆಗೆದರೆ ಸಾಕು. ತೊಡಕುಗಳಿವೆ. ಕೆಲವು ತಂತ್ರಾಂಶಗಳು ಹಿಂದೆ ಚುಚ್ಚುವ ಲಾಕ್ ಕೇಳುತ್ತವೆ. ಯುಎಸ್‌ಬಿ ಲಾಕಾದರೆ ಒಳಗಿನ ಯಂತ್ರಕ್ಕೆ ದಾಟಿಸಬಹುದು, ಹಳೇ ಪ್ರಿಂಟರ್ ಪೋರ್ಟಿನ ಲಾಕಾದರೆ ಕಷ್ಟ. ಇನ್ನು ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಕಟ್ಟುಬಿದ್ದದ್ದು, ಹೊಸದಕ್ಕೆ ವರ್ಗವಾಗುವುದಿಲ್ಲ. ವರ್ಚುವಲ್‌ಬಾಕ್ಸ್ ಪುಕ್ಕಟೆಯಾದ ಮಾತ್ರಕ್ಕೆ ಅದರೊಳಗೆ ಹಾಕುವ ವಿಂಡೋಸ್ ಪುಕ್ಕಟೆಯಾಗುವುದಿಲ್ಲ, ಇದನ್ನು ಮರೆಯುವವರೇ ಹೆಚ್ಚು.

ಹಾಗೆ ನೋಡಿದರೆ ‘ಪುಕ್ಕಟೆ’ ಎಂಬ ಮಾತನ್ನೇ ಸ್ವಲ್ಪ ತಿರುವಿ ನೋಡಬೇಕು. ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರಿನಲ್ಲಿ ವಿಎಂವೇರನ್ನು ಕೊಂಡಿತು. 2024ರ ಫೆಬ್ರುವರಿಯಲ್ಲಿ ಸರ್ವರುಗಳಿಗೆ ಬಳಸುವ ಉಚಿತ ಇಎಸ್‌ಎಕ್ಸ್‌ಐ ನಿಲ್ಲಿಸಿತು, 2025ರ ಏಪ್ರಿಲಿನಲ್ಲಿ ಮತ್ತೆ ಕೊಟ್ಟಿತು. ಇದರ ನಡುವೆ, ಪಿಸಿಗೆ ಬಳಸುವ, ದುಡ್ಡು ಕೊಟ್ಟು ಕೊಳ್ಳಬೇಕಿದ್ದ ವರ್ಕ್‌ಸ್ಟೇಶನ್ ಪ್ರೊ 2024ರ ಮೇ ತಿಂಗಳಲ್ಲಿ ಸ್ವಂತ ಬಳಕೆಗೆ, ನವೆಂಬರಿನಲ್ಲಿ ಎಲ್ಲರಿಗೂ ಉಚಿತವಾಯಿತು. ಕೊಟ್ಟದ್ದನ್ನು ಬೇಡವೆನ್ನಬೇಕಿಲ್ಲ, ಆದರೆ ಧಣಿಯ ಮನಸ್ಸು ತಿರುಗಿದರೆ ಕಸಿದುಕೊಳ್ಳಬಹುದಾದ ಕೊಡುಗೆಯ ಮೇಲೆ ಕಾಲೇಜಿನ ಲ್ಯಾಬ್ ಕಟ್ಟಬಾರದು. ವರ್ಚುವಲ್‌ಬಾಕ್ಸಿನ ಮೂಲ ಭಾಗ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ. ಅದನ್ನು ಹಿಂದಕ್ಕೆ ಕರೆಯಲು ಒರಾಕಲಿಗೂ ಸಾಧ್ಯವಿಲ್ಲ. ಅದಕ್ಕೆ ಸೇರಿಸುವ ಎಕ್ಸ್‌ಟೆನ್ಶನ್ ಪ್ಯಾಕ್ ಬೇರೆ, ಸ್ವಂತ ಬಳಕೆಗೆ ಮತ್ತು ಕಲಿಕೆಗೆ ಮಾತ್ರ ಉಚಿತ, ಅಂಗಡಿಯವರು ಹಾಕಿಕೊಳ್ಳುವ ಹಾಗಿಲ್ಲ. ಲಿನಕ್ಸನ್ನೇ ಹೊರಗಿನ ವ್ಯವಸ್ಥೆಯಾಗಿ ಬಳಸುವವರಿಗೆ 2007ರಲ್ಲಿ ಕರ್ನೆಲ್ಲಿಗೇ ಸೇರಿದ ಕೆವಿಎಂ ಎಂಬ ಇಂಥದೇ ವ್ಯವಸ್ಥೆ ಇದೆ, ಅದಕ್ಕಿಂತ ನಿಶ್ಚಿಂತೆಯದು ಇನ್ನೊಂದಿಲ್ಲ.

ಭದ್ರತೆಯ ಪ್ರಶ್ನೆ ಉಳಿಯಿತು. ವರ್ಚುವಲ್ ಮೆಷಿನಿನ ಗೋಡೆ ಗಟ್ಟಿ, ಆದರೆ ಬೀದರ್ ಕೋಟೆಗೂ ದಿಡ್ಡಿಬಾಗಿಲು ಇತ್ತು ತಾನೆ. 2015ರಲ್ಲಿ ವೆನಮ್ ಎಂಬ ದೋಷ ಹೊರಬಿತ್ತು: ಯಾರೂ ಬಳಸದ ಫ್ಲಾಪಿ ಡಿಸ್ಕಿನ ನಕಲು ಭಾಗದಲ್ಲಿದ್ದ ತಪ್ಪಿನಿಂದ ಒಳಗಿನ ಯಂತ್ರದಿಂದ ಹೊರಗೆ ನುಸುಳಬಹುದಿತ್ತು. ಸರಿಪಡಿಸಿದರು. ತಂತ್ರಾಂಶವನ್ನು ಅಪ್‌ಡೇಟ್ ಮಾಡಿಕೊಳ್ಳುತ್ತಿರಬೇಕು, ಅನುಮಾನದ ಫೈಲು ತೆರೆಯುವಾಗ ಹಂಚಿಕೆಯ ಫೋಲ್ಡರನ್ನು ಮುಚ್ಚಬೇಕು ಎಂಬುದಷ್ಟೇ ಇದರ ಅರ್ಥ. ಹೊರಗಿನ ಅಸಲಿ ಯಂತ್ರದಲ್ಲೇ ಕ್ರ್ಯಾಕ್ ಮಾಡಿದ ತಂತ್ರಾಂಶ ಹಾಕಿಕೊಂಡು ತಿರುಗುವುದಕ್ಕಿಂತ ಇದು ನೂರು ಪಾಲು ಮೇಲು.

ಮೇಷ್ಟ್ರುಗಳಿಗೆ ಇದರಿಂದ ಕೆಲಸ ಹೆಚ್ಚುತ್ತದೆ ಎಂದು ಗೊಣಗುವವರಿರಬಹುದು. ನನ್ನ ಎಣಿಕೆಯಲ್ಲಿ ಕಡಿಮೆಯಾಗುತ್ತದೆ. ಪಾಠಕ್ಕೆ ಬೇಕಾದ್ದನ್ನೆಲ್ಲ ಹಾಕಿ ಸಿದ್ಧಪಡಿಸಿದ ಯಂತ್ರವನ್ನು ಒಂದೇ ಓವಿಎ ಫೈಲಾಗಿ ಹೊರತೆಗೆಯಬಹುದು. ವರ್ಷದ ಮೊದಲ ವಾರ ಗ್ರಂಥಾಲಯದಲ್ಲಿ ನಾಲ್ಕೈದು ಪೆನ್‌ಡ್ರೈವಿನಲ್ಲಿ ಇಟ್ಟರೆ ಭಾಲ್ಕಿಯಿಂದ ದಿನವೂ ರೈಲಿಗೆ ಬರುವವರಿಗೂ, ಔರಾದಿನ ಬಸ್ಸು ಕಾಯುವವರಿಗೂ ಒಂದೇ ಲ್ಯಾಬು ಮನೆಯಲ್ಲಿ ಸಿಕ್ಕಂತೆ. ಪರೀಕ್ಷೆಯನ್ನೂ ಬದಲಿಸಬಹುದು. ರೆಕಾರ್ಡ್ ಪುಸ್ತಕದಲ್ಲಿ ಆಜ್ಞೆ ಬರೆಸುವ ಬದಲು ಮೇಷ್ಟ್ರು ತಾವೇ ಬೇಕೆಂದು ಕೆಡಿಸಿದ ಯಂತ್ರವೊಂದನ್ನು ಕೊಡಲಿ: ಒಬ್ಬರಿಗೆ ಬೂಟ್ ಆಗದ್ದು, ಇನ್ನೊಬ್ಬರಿಗೆ ನೆಟ್ ಬರದ್ದು, ಮತ್ತೊಬ್ಬರಿಗೆ ಪಾಸ್‌ವರ್ಡ್ ಮರೆತದ್ದು. ಮೂರು ಗಂಟೆಯಲ್ಲಿ ಎಬ್ಬಿಸಿದವರಿಗೆ ಅಂಕ. ಎಬ್ಬಿಸಲಾಗದವರು ಅದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯಲಿ, ರಾತ್ರಿ ಊಟವಾದ ಮೇಲೆ ಇನ್ನೊಂದು ಸಲ ನೋಡಬಹುದು.