ಹಲ್ಲಿನ ಬೇರಿನ ನಾಳವೂ ಅದನ್ನು ತುಂಬುವ ಬಗೆಯೂ

ರಾಷ್ಟ್ರಕೂಟರ ಮಯೂರಖಂಡಿಯು ಇದೇ ಎಂದು ಕೆಲವು ವಿದ್ವಾಂಸರು ಗುರುತಿಸುವ ನಮ್ಮ ಮೋರಖಂಡಿಯಲ್ಲಿ ದವಡೆಯ ಹಲ್ಲು ನೋಯತೊಡಗಿದರೆ ಹಿರಿಯರಿಂದ ಎರಡು ಮಾತುಗಳು ಬರುವವು. “ಕೀಳಿಸಿ ಬಿಡ್ರಿ, ಪೀಡಾ ಹೋಗ್ತದ” ಎಂಬುದೊಂದು. “ಮ್ಯಾಲಿನ ಹಲ್ಲಾದರ ಕೀಳಿಸಬ್ಯಾಡ್ರಿ, ಕಣ್ಣು ಹೋಗ್ತಾವ” ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಕೇಳಿ ಕಲಿತವರು ನಗುತ್ತಾರೆ. ಆದರೆ ಇದು ನಮ್ಮ ಹಳ್ಳಿಯಲ್ಲಿ ಹುಟ್ಟಿದ ಮಾತಲ್ಲ. ಗಟ್ಟಿಯಾಗಿ ಬೇರೂರಿದ ಮೇಲಿನ ಹಲ್ಲನ್ನು ಕಿತ್ತರೆ ರಕ್ತವು ಅತಿಯಾಗಿ ಸ್ರವಿಸಿ ಮನುಷ್ಯನು ಒಕ್ಕಣ್ಣನಾಗುವನೆಂದೂ ಅವನ ಮುಖವು ವಕ್ರವಾಗುವದೆಂದೂ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೇ ಹೇಳಿದೆ. ರಕ್ತವನ್ನು ತಡೆಯುವ ಸಾಧನಗಳು ಕಡಿಮೆಯಿದ್ದ ಕಾಲದ ಎಚ್ಚರಿಕೆಯದು. ಮೇಲಿನ ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧವಿಲ್ಲೆಂಬುದು ಈಗ ನಿಸ್ಸಂಶಯವಾಗಿ ತಿಳಿದ ಸಂಗತಿ. ಕಣ್ಣಿನ ಭಯದಿಂದ ಕೀವು ತುಂಬಿದ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಬಳಲುವದು ಸಲ್ಲದು.

ಕೀಳಿಸುವದೂ ಅಲ್ಲದ, ಬಳಲುವದೂ ಅಲ್ಲದ ಮೂರನೆಯ ದಾರಿಯೊಂದುಂಟು. ಪಟ್ಟಣದವರು ಅದನ್ನು ರೂಟ್ ಕೆನಾಲ್ ಎನ್ನುತ್ತಾರೆ. ಹುಮನಾಬಾದದ ವಾಚಕರೊಬ್ಬರು, “ಹಲ್ಲಿನ ಬೇರಿನಲ್ಲಿ ವೈದ್ಯರು ತುಂಬುವದಾದರೂ ಏನನ್ನು? ಅದು ಎಷ್ಟು ಕಾಲ ನಿಲ್ಲುವದು?” ಎಂದು ಕೇಳಿರುವದರಿಂದ ಈ ತಿಂಗಳು ಅದನ್ನೇ ವಿಚಾರಿಸೋಣ.

ಹಲ್ಲು ಹೊರಗಿನಿಂದ ಕಲ್ಲಿನಂತೆ ಕಂಡರೂ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ರಕ್ತನಾಳಗಳಿಂದಲೂ ನರಗಳಿಂದಲೂ ಕೂಡಿದ ಮೃದುವಾದ ತಿರುಳು ಇರುವದು. ಅದು ಸಣ್ಣ ನಾಳಗಳ ಮೂಲಕ ಬೇರಿನ ತುದಿಯವರೆಗೂ ಇಳಿದಿರುವದು. ಮುಂದಿನ ಹಲ್ಲಿಗೆ ಬಹುಶಃ ಒಂದೇ ನಾಳ. ಕೆಳದವಡೆಯ ಮೊದಲನೆಯ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ ೩, ಕೆಲವೊಮ್ಮೆ ೪. ಮೇಲ್ದವಡೆಯ ಮೊದಲನೆಯ ದೊಡ್ಡ ಹಲ್ಲಿನಲ್ಲಿ ನಾಲ್ಕನೆಯ ನಾಳವೊಂದು ಹಲವು ಸಲ ವೈದ್ಯರ ಕಣ್ಣಿಗೂ ಬೀಳದಂತೆ ಅಡಗಿರುತ್ತದೆ. ಹುಳುಕು ತಿರುಳನ್ನು ಮುಟ್ಟಿತೆಂದರೆ ತಿರುಳು ಸಾಯುವದು, ಕೊಳೆಯುವದು. ಆ ಕೊಳೆಯಲ್ಲಿಯ ಸೂಕ್ಷ್ಮಜೀವಿಗಳು ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿಯುವವು. ಆಗ ಒಸಡಿನ ಮೇಲೆ ಬಾಯಿ ತೆರೆದು ಕೀವು ಸುರಿಸುವ ಗುಳ್ಳೆಯನ್ನು ನಮ್ಮ ಪೂರ್ವಿಕರು ದಂತನಾಡಿ ಎಂದು ಕರೆದರು. ನಾಡಿ ಎಂದರೆ ಇಲ್ಲಿ ಕೊಳವೆ; ಕೈಯ ನಾಡಿಯಲ್ಲ.

ತುಂಬುವ ವಿಚಾರವೂ ಪ್ರಾಚೀನರಿಗೆ ಹೊಳೆದಿತ್ತು. ಹುಳುಕು ಹಲ್ಲಿನ ತೂತನ್ನು ಬೆಲ್ಲದಿಂದಾಗಲಿ ಜೇನುಮೇಣದಿಂದಾಗಲಿ ತುಂಬಿ ಸುಡಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾನೆ. ಮೇಣವು ಸರಿಯೇ, ಬೆಲ್ಲವನ್ನು ಮಾತ್ರ ನಮ್ಮ ವಾಚಕಿಯರು ಪ್ರಯೋಗಿಸದಿರಲಿ. ಹಲ್ಲಿನೊಳಗಿಂದ ಹುಳ ತೆಗೆಯುವೆವೆಂದು ಮನೆಬಾಗಿಲಿಗೆ ಬರುವವರ ವಿಷಯಕ್ಕೆ ಒಂದೇ ಮಾತು: ಹಲ್ಲಿನಲ್ಲಿ ಕಣ್ಣಿಗೆ ಕಾಣುವ ಹುಳಗಳೇ ಇಲ್ಲ.

ಇನ್ನು ಆಧುನಿಕ ವಿಧಾನ. ತುಂಬುವ ಮೊದಲು ನಾಳವನ್ನು ಬರಿದುಮಾಡಬೇಕು. ೧೮೩೮ರಲ್ಲಿ ಅಮೇರಿಕೆಯ ಎಡ್ವರ್ಡ್ ಮೇನಾರ್ಡ್ ಎಂಬ ದಂತವೈದ್ಯನು ಗಡಿಯಾರದ ಸ್ಪ್ರಿಂಗನ್ನು ತೇದು ಇದಕ್ಕೆ ಸೂಕ್ಷ್ಮವಾದ ಸಲಕರಣೆಯನ್ನು ಮಾಡಿಕೊಂಡನಂತೆ. ಈಗಿನ ಫೈಲುಗಳು ಅದರ ವಂಶದವು. ಇವುಗಳ ಅಂಕಿಗಳಲ್ಲಿ ಒಂದು ಕ್ರಮವಿದೆ: ೨೫ನೆಯ ನಂಬರಿನ ಫೈಲಿನ ತುದಿಯ ದಪ್ಪವು ೦.೨೫ ಮಿಲಿಮೀಟರು, ೩೦ರದು ೦.೩೦. ಹಿಡಿಕೆಯ ಬಣ್ಣವೇ ನಂಬರನ್ನು ಹೇಳುವದು. ೧೫ ಬಿಳಿ, ೨೦ ಹಳದಿ, ೨೫ ಕೆಂಪು, ೩೦ ನೀಲಿ, ೩೫ ಹಸಿರು, ೪೦ ಕಪ್ಪು. ಉಕ್ಕಿನ ಫೈಲು ಬಾಗಿದ ಬೇರಿನಲ್ಲಿ ನೆಟ್ಟಗಾಗಲು ಹೆಣಗಿ ಗೋಡೆಯನ್ನು ಕೆಡಿಸುವದುಂಟು. ೧೯೮೮ರಲ್ಲಿ ನಿಕ್ಕೆಲ್ ಹಾಗೂ ಟೈಟೇನಿಯಂ ಕೂಡಿದ ಲೋಹದಿಂದ ಫೈಲು ಮಾಡಬಹುದೆಂದು ವಾಲಿಯಾ ಮತ್ತು ಅವರ ಸಂಗಡಿಗರು ತೋರಿಸಿದ ಮೇಲೆ, ಬಾಗಿದ ದಾರಿಯಲ್ಲಿ ಬಾಗುತ್ತಲೇ ಸಾಗುವ ಫೈಲುಗಳು ಬಂದವು. ಬಟ್ಟೆಗಳನ್ನು ಬಿಳಿದು ಮಾಡುವ ದ್ರವದ ಜಾತಿಯದೇ ಆದ ಸೋಡಿಯಂ ಹೈಪೋಕ್ಲೋರೈಟ್ ಎಂಬ ದ್ರವದಿಂದ ನಾಳವನ್ನು ಮೇಲಿಂದ ಮೇಲೆ ತೊಳೆಯುತ್ತಾರೆ. ಅದು ಗಂಟಲಿಗೆ ಇಳಿಯದಂತೆಯೂ ಉಗುಳು ಹಲ್ಲಿಗೆ ತಗಲದಂತೆಯೂ ರಬ್ಬರಿನ ತೆಳುವಾದ ಹಾಳೆಯನ್ನು ಹಲ್ಲಿಗೆ ತೊಡಿಸುವ ಪದ್ಧತಿಯುಂಟು. ೧೮೬೪ರಿಂದ ಬಂದ ಈ ಒಳ್ಳೆಯ ಪದ್ಧತಿಯನ್ನು ನಮ್ಮ ಕಡೆ ಅನೇಕರು ಬಿಟ್ಟೇ ಬಿಡುತ್ತಾರೆಂಬುದು ನಮಗೆ ಸೇರದು.

ಬರಿದಾದ ನಾಳದಲ್ಲಿ ಸೇರಿಸುವ ಮುಖ್ಯ ಪದಾರ್ಥವು ಗಟ್ಟಾ ಪರ್ಚಾ. ಇದು ಮಲಯ ದೇಶದ ಒಂದು ಮರದ ಹಾಲು, ರಬ್ಬರಿನ ದಾಯಾದಿ. ೧೮೪೩ರ ಸುಮಾರಿಗೆ ಸಿಂಗಪುರದಲ್ಲಿದ್ದ ಮಾಂಟ್‌ಗೊಮೆರಿ ಎಂಬ ವೈದ್ಯನು ಇದರ ಗುಣಗಳನ್ನು ಲಂಡನ್ನಿನವರಿಗೆ ಪರಿಚಯಿಸಿದನು. ಸಮುದ್ರದ ತಳದ ತಂತಿಗಳಿಗೆ ಇದರ ಹೊದಿಕೆಯನ್ನೇ ಹಾಕಿದರು. ೧೮೬೭ರಲ್ಲಿ ಬೌಮನ್ ಎಂಬ ಅಮೇರಿಕನ್ ವೈದ್ಯನು ಇದನ್ನು ಹಲ್ಲಿನ ಬೇರಿನಲ್ಲಿ ತುಂಬಿದನು. ಅಂದಿನಿಂದ ಇಂದಿನವರೆಗೆ ಇದನ್ನು ಪೂರ್ಣವಾಗಿ ಹಿಂದೆ ತಳ್ಳಿದ ಪದಾರ್ಥವು ಬಂದಿಲ್ಲ. ವೈದ್ಯರ ಡಬ್ಬಿಯಲ್ಲಿ ಕಾಣುವ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು ಇವೇ. ಅವುಗಳಲ್ಲಿ ಮರದ ಹಾಲು ಐದರಲ್ಲೊಂದು ಪಾಲು ಮಾತ್ರ. ಬಹುಭಾಗವು ಸತುವಿನ ಭಸ್ಮ, ಅಂದರೆ ಜಿಂಕ್ ಆಕ್ಸೈಡ್.

ಕಡ್ಡಿಯೊಂದೇ ಸಾಲದು. ಹಿಂದೆ ಜೋಳ ತುಂಬುತ್ತಿದ್ದ ಹಗೇವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಲ್ಲಿಯಾದರೂ ಸಂದಿ ಉಳಿದು ನೀರು ಜಿನುಗಿತೆಂದರೆ ಕಾಳೆಲ್ಲ ಮುಗ್ಗುವದು. ಆದ್ದರಿಂದ ಕಡ್ಡಿಗೂ ನಾಳದ ಗೋಡೆಗೂ ನಡುವಿನ ಸಂದಿಯನ್ನು ಮುಚ್ಚಲು ಸೀಲರ್ ಎಂಬ ತೆಳುವಾದ ಗಾರೆ ಬೇಕು. ಬಹುಕಾಲ ಬಳಕೆಯಲ್ಲಿರುವ ಗಾರೆಯು ಸತುವಿನ ಭಸ್ಮವನ್ನು ಯೂಜಿನಾಲಿನಲ್ಲಿ ಕಲಸಿದ್ದು. ಈ ಯೂಜಿನಾಲು ನಮ್ಮ ಅಜ್ಜಿಯರು ನೋಯುವ ಹಲ್ಲಿಗೆ ಅರಳೆಯಲ್ಲಿ ಅದ್ದಿ ಇಡುತ್ತಿದ್ದ ಲವಂಗದೆಣ್ಣೆಯ ಸಾರವೇ ಸರಿ. ಈಚೆಗೆ ಕ್ಯಾಲ್ಸಿಯಂ ಸಿಲಿಕೇಟಿನ ಗಾರೆಗಳೂ ಬಂದಿವೆ. ಇವು ಮನೆ ಕಟ್ಟುವ ಸಿಮೆಂಟಿನ ಹತ್ತಿರದ ಸಂಬಂಧಿಗಳು, ತೇವದಲ್ಲಿಯೇ ಗಟ್ಟಿಯಾಗುವವು.

ತುಂಬುವ ಬಗೆಗಳಲ್ಲಿ ಹಳೆಯದೂ ಬಹಳ ಕಡೆ ಕಲಿಸುವದೂ ಎಂದರೆ ತಣ್ಣನೆಯ ಪಕ್ಕದೊತ್ತುವಿಕೆ. ನಾಳದ ಅಳತೆಯ ಮುಖ್ಯ ಕಡ್ಡಿಯನ್ನು ಗಾರೆ ಸವರಿ ಇಳಿಸಿ, ಸ್ಪ್ರೆಡರ್ ಎಂಬ ಚೂಪಾದ ಸಲಾಕೆಯಿಂದ ಅದನ್ನು ಪಕ್ಕಕ್ಕೆ ಒತ್ತಿ, ಆದ ಸಂದಿಯಲ್ಲಿ ಸಣ್ಣ ಕಡ್ಡಿಗಳನ್ನು ಒಂದರ ಮೇಲೊಂದರಂತೆ ಸೇರಿಸುತ್ತಾರೆ. ಎರಡನೆಯದು ೧೯೬೭ರಲ್ಲಿ ಶಿಲ್ಡರ್ ಎಂಬ ಅಧ್ಯಾಪಕನು ಪ್ರಚಾರಕ್ಕೆ ತಂದದ್ದು: ಗಟ್ಟಾ ಪರ್ಚಾವನ್ನು ಕಾಯಿಸಿ ಮೆದುಮಾಡಿ, ಪ್ಲಗ್ಗರ್ ಎಂಬ ಮೊಂಡ ತುದಿಯ ಸಲಾಕೆಯಿಂದ ಕೆಳಕ್ಕೆ ಒತ್ತುವದು. ಮೆತ್ತಗಾದದ್ದು ಪಕ್ಕದ ಕವಲುಗಳಿಗೂ ಹರಿಯುವದೆಂಬುದು ಇದರ ಹೆಚ್ಚಳ. ಬೇರಿನ ತುದಿಯನ್ನು ದಾಟಿ ಹೊರಗೆ ಚೆಲ್ಲಬಹುದೆಂಬುದು ಇದರ ಕುಂದು. ಫೈಲಿನ ಆಕಾರಕ್ಕೇ ಹೊಂದುವ ಒಂದೇ ಕಡ್ಡಿಯನ್ನು ಹೊಸ ಗಾರೆಯೊಡನೆ ಇಳಿಸಿ ಮುಗಿಸುವದು ಮೂರನೆಯ ಬಗೆ. ಬೇಗ ಮುಗಿಯುವದರಿಂದ ಈಗ ಇದಕ್ಕೇ ಹೆಚ್ಚು ಗಿರಾಕಿ. ನಾಳವು ಶುದ್ಧವಾಗದೆ ಇದ್ದರೆ ಯಾವ ಬಗೆಯಿಂದ ತುಂಬಿಯೂ ಫಲವಿಲ್ಲ.

ಇದು ಕೇವಲ ವೈದ್ಯರ ವಿಚಾರವೆಂದು ವಾಚಕರು ಪುಟ ತಿರುವಬಾರದು. ನಮ್ಮ ಮನೆಯಾಕೆಗೆ ಒಬ್ಬ ವೈದ್ಯರು ಕೆಳದವಡೆಯ ಹಲ್ಲನ್ನು ತುಂಬಿದರು. ಹಣವೂ ಸಂದಿತು, ನೋವೂ ನಿಂತಿತು. ಎರಡು ವರ್ಷಗಳ ತರುವಾಯ ಗಲ್ಲ ಬಾತು ರಾತ್ರಿಯೆಲ್ಲ ನಿದ್ದೆಯಿಲ್ಲದಾಯಿತು. ಮತ್ತೊಬ್ಬರು ಕ್ಷಕಿರಣದ ಚಿತ್ರ ತೆಗೆದು ತೋರಿಸಿದರು: ಬಿಳಿಯ ಗೆರೆಯಂತೆ ಕಾಣುವ ತುಂಬಣವು ಒಂದು ಬೇರಿನಲ್ಲಿ ತುದಿಗಿಂತ ನಾಲ್ಕು ಮಿಲಿಮೀಟರಿನಷ್ಟು ಮೊದಲೇ ನಿಂತಿತ್ತು, ಅದರ ಕೆಳಗೆ ಎಲುಬಿನಲ್ಲಿ ಕಪ್ಪು ನೆರಳು. ಹಳೆಯದನ್ನು ದ್ರಾವಕದಿಂದ ಮೆದುಮಾಡಿ ಬಿಡಿಸಿ ತೆಗೆದು ಪುನಃ ತುಂಬಬೇಕಾಯಿತು. ನೀಲಗಿರಿ ಎಣ್ಣೆಯಲ್ಲಿಯೂ ಗಟ್ಟಾ ಪರ್ಚಾ ಕರಗುವದೆಂದು ಆಗಲೇ ನಾವು ತಿಳಿದದ್ದು. ಹಲ್ಲು ಉಳಿಯಿತು, ಖರ್ಚು ಎರಡು ಪಟ್ಟಾಯಿತು.

ಆದಕಾರಣ ತುಂಬಿದ ನಂತರದ ಚಿತ್ರವನ್ನು ಪ್ರತಿಯೊಬ್ಬರೂ ಕೇಳಿ ನೋಡಬೇಕು. ಕೇಳಿದರೆ ಅಗೌರವವೆಂದು ಸಂಕೋಚಪಡಬಾರದು. ಬಿಳಿಯ ಗೆರೆಯು ಬೇರಿನ ತುದಿಗಿಂತ ಅರ್ಧದಿಂದ ೨ ಮಿಲಿಮೀಟರಿನೊಳಗೆ ಬಂದು ನಿಂತಿರಬೇಕು, ತುದಿಯನ್ನು ದಾಟಿರಬಾರದು, ನಡುವೆ ಕಪ್ಪು ಸಂದಿಗಳಿರಬಾರದು. ಇಷ್ಟನ್ನು ಅಕ್ಷರ ಬಲ್ಲ ಯಾವ ಗೃಹಸ್ಥನೂ ನೋಡಿ ತಿಳಿಯಬಲ್ಲನು. ಬೇರೇ ಉದ್ದಕ್ಕೆ ಸೀಳಿದ್ದರೆ ಮಾತ್ರ ಕೀಳಿಸುವದೇ ನೆಟ್ಟಗಿನ ದಾರಿ.

ಖಾಸಗಿ ವೈದ್ಯರ ಖರ್ಚು ತಾಳದವರು ಬೀದರದ ಎಸ್. ಬಿ. ಪಾಟೀಲ ದಂತವೈದ್ಯ ಕಾಲೇಜನ್ನಾಗಲಿ ಕಲಬುರಗಿಯ ಎಸ್. ನಿಜಲಿಂಗಪ್ಪ ದಂತವೈದ್ಯ ಕಾಲೇಜನ್ನಾಗಲಿ ವಿಚಾರಿಸಬಹುದು. ಕಾಲೇಜುಗಳಲ್ಲಿ ಅಧ್ಯಾಪಕರ ಕಣ್ಣೆದುರಿನಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ನಾಲ್ಕಾರು ಸಲ ಬಸ್ಸು ಹತ್ತಬೇಕಾದೀತು, ಆದರೆ ಪ್ರತಿ ಹಂತವನ್ನೂ ಇನ್ನೊಬ್ಬರು ಪರೀಕ್ಷಿಸುತ್ತಾರೆ.

ಎಷ್ಟು ಕಾಲ ನಿಲ್ಲುವದೆಂಬ ಪ್ರಶ್ನೆ ಉಳಿಯಿತು. ಚೆನ್ನಾಗಿ ತುಂಬಿ ಮೇಲೆ ಚೆನ್ನಾಗಿ ಮುಚ್ಚಿದ ಹಲ್ಲು ಹತ್ತಾರು ವರ್ಷ ಬಾಳುವದು. ಮೇಲಿನ ಮುಚ್ಚಳದ ಒಳ್ಳೆಯತನವು ಒಳಗಿನ ತುಂಬಣದಷ್ಟೇ ಮುಖ್ಯವೆಂದು, ಅದಕ್ಕಿಂತ ಹೆಚ್ಚೆಂದೇ, ೧೯೯೫ರಲ್ಲಿ ರೇ ಮತ್ತು ಟ್ರೋಪ್ ಎಂಬವರು ನೂರಾರು ಹಲ್ಲುಗಳ ಚಿತ್ರಗಳನ್ನು ನೋಡಿ ಬರೆದರು. ನೋವು ನಿಂತೊಡನೆ ನಮ್ಮವರು ಟೊಪ್ಪಿಗೆ ಹಾಕಿಸುವದನ್ನು ಸುಗ್ಗಿಯ ನಂತರಕ್ಕೆ ತಳ್ಳುತ್ತಾರೆ. ಒಳಗೆ ಕೊರೆಸಿಕೊಂಡ ದವಡೆ ಹಲ್ಲು ಬಹಳಷ್ಟು ಗೋಡೆಯನ್ನು ಕಳೆದುಕೊಂಡಿರುತ್ತದೆ. ಟೊಪ್ಪಿಗೆ ಬರುವವರೆಗೆ ಕಟಕಟಿ ಜೋಳದ ರೊಟ್ಟಿಯನ್ನು ಮತ್ತೊಂದು ಪಕ್ಕದಿಂದ ಅಗಿಯಬೇಕು, ಇಲ್ಲವೆ ಹಾಲಿನಲ್ಲಿ ನೆನೆಯಿಸಿ ತಿನ್ನಬೇಕು.