ನಮ್ಮ ಪ್ರತಿನಿಧಿಯನ್ನು ಎಚ್‌ಆರ್ ಆರಿಸಬಾರದು

ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂರಿಸುವ ಕೆಲಸದಲ್ಲಿದ್ದಾಗ ನಾನು ವರ್ಕ್ಸ್ ಕಮಿಟಿಯ ಮೆಂಬರ್ ಆಗಿದ್ದೆ. ಅದು ನನಗೆ ಗೊತ್ತಾದದ್ದು ಬ್ರ್ಯಾಂಡ್‌ಗಳ ಪರವಾಗಿ ಆಡಿಟ್‌ನವರು ಬಂದ ದಿನ ಬೆಳಿಗ್ಗೆ. ಎಚ್‌ಆರ್ ಮೇಡಂ ಮಷೀನ್ ಹತ್ತಿರ ಬಂದು, "ನಿನ್ನ ಹೆಸರು ಕಮಿಟಿಯಲ್ಲಿದೆ ಕಣಮ್ಮ. ಕೇಳಿದರೆ, ತಿಂಗಳಿಗೊಮ್ಮೆ ಮೀಟಿಂಗ್ ಆಗುತ್ತೆ, ಕ್ಯಾಂಟೀನು, ನೀರಿನ ವಿಷಯ ಮಾತಾಡ್ತೀವಿ ಅನ್ನು" ಎಂದರು. ಆಮೇಲೆ ಮಿನಿಟ್ಸ್ ಪುಸ್ತಕ ತಂದು ಹಿಂದಿನ ತಿಂಗಳುಗಳ ಪುಟಗಳಿಗೆಲ್ಲ ಸಾಲಾಗಿ ಸಹಿ ಹಾಕಿಸಿಕೊಂಡರು. ಒಂದು ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: 'ಪ್ರೊಡಕ್ಷನ್ ಟಾರ್ಗೆಟ್ ಬಗ್ಗೆ ಕಾರ್ಮಿಕರ ದೂರು ಇಲ್ಲ.' ಆಡಿಟ್‌ನ ಹಿಂದಿನ ದಿನವಷ್ಟೇ, ಗಂಟೆಯ ಪೀಸ್ ಮುಗಿಯಲಿಲ್ಲವೆಂದು ಕಫ್ ಹೊಲಿಯುವವಳ ಮುಖಕ್ಕೆ ಸೂಪರ್‌ವೈಸರ್ ಬಂಡಲ್ ಎಸೆದಿದ್ದ.

ಯುರೋಪು, ಅಮೆರಿಕದ ಅಂಗಡಿಗಳಲ್ಲಿ ಬಟ್ಟೆ ಕೊಳ್ಳುವವರಿಗೆ ಬ್ರ್ಯಾಂಡ್‌ಗಳು ಕೊಡುವ ಭರವಸೆಯ ಬಹುಪಾಲು ನಿಂತಿರುವುದು ಇಂಥ ಪುಸ್ತಕಗಳ ಮೇಲೆ. ಅಂಥ ಕಮಿಟಿ ಇಲ್ಲದಿರುವುದೇ ಮೇಲು ಎನ್ನುತ್ತೇನೆ ನಾನು. ಕಮಿಟಿ ಇಲ್ಲದಿದ್ದರೆ ಇಲ್ಲ ಎಂದಾದರೂ ಗೊತ್ತಾಗುತ್ತದೆ. ಸುಳ್ಳು ಕಮಿಟಿ ಇದ್ದರೆ, ನಾವು ಆಡದ ಮಾತೂ ನಮ್ಮದೇ ಆಗಿಬಿಡುತ್ತದೆ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ವರ್ಕ್ಸ್ ಕಮಿಟಿಯ ಮಾತಿತ್ತು. ಕಾರ್ಮಿಕರ ಕಡೆಯವರು ಆಡಳಿತದವರಿಗಿಂತ ಕಡಿಮೆ ಇರಬಾರದು ಎಂದೂ ಇತ್ತು. ಆಡಳಿತದಲ್ಲಿ ಕಾರ್ಮಿಕರು ಪಾಲುಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂಬ 43ಎ ವಿಧಿ 1976ರಲ್ಲಿ ಸಂವಿಧಾನಕ್ಕೆ ಸೇರಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 20 ಮಂದಿ ದುಡಿಯುವ ಕಡೆಯೂ ದೂರು ಪರಿಹಾರ ಸಮಿತಿ ಬೇಕೆನ್ನುತ್ತದೆ. ಈ ಕಮಿಟಿಗಳ ಹೆಸರುಗಳನ್ನು ಆರಿಸಿದ್ದು ಯಾರು ಎಂದು ಫ್ಲೋರ್‌ಗೆ ಬಂದು ಕೇಳುವವರು ಮಾತ್ರ ಇಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್‌ಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಎಲ್ಲ ಸರಿಯಿದೆ ಎಂಬ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಆ ಕಾರ್ಖಾನೆಗೆ ಸಿಕ್ಕಿದ್ದು ಅದಕ್ಕೆ ಕೆಲವೇ ವಾರಗಳ ಮುಂಚೆ. ಮರುವರ್ಷದ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. 1,100ಕ್ಕೂ ಹೆಚ್ಚು ಸಾವು. ಬಿರುಕು ಹಿಂದಿನ ದಿನವೇ ಕಂಡಿತ್ತು. ಕೆಳಗಿದ್ದ ಬ್ಯಾಂಕಿನವರು ಬಾಗಿಲು ಹಾಕಿಕೊಂಡು ಹೋದರು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಸಂಬಳದ ಹೆದರಿಕೆ ಹಾಕಿ ಒಳಗೆ ಕಳಿಸಿದರು. ಅಲ್ಲಿದ್ದ ಐದು ಗಾರ್ಮೆಂಟ್ಸ್‌ಗಳಲ್ಲಿ ಒಂದರಲ್ಲೂ ಸಂಘವಿರಲಿಲ್ಲ. ಬಿರುಕು ನೋಡಿದ ಕಣ್ಣುಗಳು ಸಾವಿರಾರು. 'ಇವತ್ತು ಕೆಲಸ ಮಾಡುವುದಿಲ್ಲ' ಎಂದು ಎಲ್ಲರ ಪರವಾಗಿ ಹೇಳುವ ಅಧಿಕಾರ ಒಬ್ಬರಿಗೂ ಇರಲಿಲ್ಲ.

ಆ ದುರಂತದ ನಂತರ ಬಾಂಗ್ಲಾದೇಶದಲ್ಲಿ ಆದದ್ದನ್ನು ನಾವು ಗಮನಿಸಬೇಕು. 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಗಳ ಜೊತೆ ಕೂತು ಅಕಾರ್ಡ್ ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಸದಿಚ್ಛೆಯ ಹೇಳಿಕೆಯಾಗಿರಲಿಲ್ಲ, ಕಾನೂನಿನಂತೆ ಕಟ್ಟಿಹಾಕುವ ಒಪ್ಪಂದ. ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕೂ ಅದರಲ್ಲಿತ್ತು. ನಮ್ಮ ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲಿ, ಮೇಲ್ವಿಚಾರಕನಿಂದ ಒಬ್ಬ ದಲಿತ ಯುವತಿಯ ಕೊಲೆಯಾದ ಮೇಲೆ 2022ರಲ್ಲಿ ಇಂಥದೇ ಒಪ್ಪಂದವಾಯಿತು. ಮಹಿಳೆಯರೇ ಮುನ್ನಡೆಸುವ ಸಂಘವೊಂದು ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಜೊತೆಗೂ, ಎಚ್ ಅಂಡ್ ಎಂ, ಗ್ಯಾಪ್‌ನಂಥ ಬ್ರ್ಯಾಂಡ್‌ಗಳ ಜೊತೆಗೂ ಮಾಡಿಕೊಂಡದ್ದು. ಕಿರುಕುಳವನ್ನು ಗಮನಿಸಲು, ದೂರು ಮುಟ್ಟಿಸಲು ಸಂಘವೇ ತರಬೇತಿ ಕೊಟ್ಟ ಕೆಲಸಗಾರ್ತಿಯರು ಅಲ್ಲಿ ಲೈನಿನಲ್ಲೇ ಇರುವಂತೆ ಅದು ಮಾಡಿತು. ಕಾರ್ಖಾನೆ ಮಾತಿಗೆ ತಪ್ಪಿದರೆ ಆರ್ಡರ್‌ಗೇ ಪೆಟ್ಟು. ಕಮಿಟಿಗೆ ಬಲ ಬರುವುದು ಆ ಕೊನೆಯ ಮಾತಿನಿಂದ.

ಒಳಗೆ ಕೇಳುವವರಿಲ್ಲದಿದ್ದರೆ ಮಾತು ಬೀದಿಗೆ ಬರುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ನಮ್ಮ ಹೆಂಗಸರು ಕೂತಾಗ ಊರೇ ನಿಂತುಹೋಯಿತು. ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಗೆದ್ದೆವು ನಿಜ, ಆದರೆ ಲಾಠಿ ತಿಂದು, ಕೇಸು ಹಾಕಿಸಿಕೊಂಡು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಸುಮಾರು 1,200 ಜನರನ್ನು ಮನೆಗೆ ಕಳಿಸಿತು. ಆರ್ಡರ್ ಇಲ್ಲ ಎಂದಿತು ಆಡಳಿತ. ಸಂಘ ಕಟ್ಟಿದ್ದಕ್ಕೆ ಎಂದರು ಕಾರ್ಮಿಕರು. ಕೆಲಸ ವಾಪಸ್ ಕೊಡುವ ಒಪ್ಪಂದವಾಗುವಷ್ಟರಲ್ಲಿ 2021 ಬಂದಿತ್ತು. ಅಷ್ಟು ತಿಂಗಳು ಮನೆ ಬಾಡಿಗೆ, ಮಕ್ಕಳ ಫೀಸು ಯಾರು ಕಟ್ಟಿದರೋ ಅವರವರಿಗೇ ಗೊತ್ತು.

"ಇಲ್ಲಿ ಬಿಗಿ ಮಾಡಿದರೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತದೆ" ಎನ್ನುತ್ತಾರೆ ಮಾಲೀಕರು. ಆ ಭಯ ಸುಳ್ಳಲ್ಲ. ಬಯರ್ ಪೀಸಿನ ರೇಟು ಇಳಿಸಿ, ಶಿಪ್‌ಮೆಂಟ್ ದಿನಾಂಕ ಹಿಂದಕ್ಕೆ ತಂದರೆ ಮಾಲೀಕ ಸೂಪರ್‌ವೈಸರ್ ಮೇಲೆ ಬೀಳುತ್ತಾನೆ, ಸೂಪರ್‌ವೈಸರ್ ನಮ್ಮ ಮೇಲೆ. ಅದಕ್ಕೇ ಹೇಳುವುದು, ಕಟ್ಟಬೇಕಾದದ್ದು ಬಯರ್ ಕೈಯನ್ನು. ಬ್ರ್ಯಾಂಡೇ ಸಹಿ ಹಾಕಿ, ತಾನು ಬಟ್ಟೆ ಹೊಲಿಸುವ ಎಲ್ಲ ದೇಶಗಳಲ್ಲೂ ಅದೇ ನಿಯಮಕ್ಕೆ ಬದ್ಧವಾದರೆ, ಓಡಿಹೋಗಿ ಉಳಿಸುವುದೇನೂ ಇರುವುದಿಲ್ಲ.

ಕೇಳುತ್ತಿರುವುದು ದೊಡ್ಡದಲ್ಲ. ಕಮಿಟಿಗೆ ಗುಟ್ಟಿನ ಮತದಾನ ನಡೆಯಲಿ, ಕಾರ್ಮಿಕ ಇಲಾಖೆಯ ಅಧಿಕಾರಿಯ ಎದುರಿಗೆ. ಮೀಟಿಂಗಿನ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯಲಿ. ಇಲ್ಲದಿದ್ದರೆ ಯಾರೂ ಮಷೀನ್ ಬಿಟ್ಟು ಏಳುವುದಿಲ್ಲ. ಈಗ ಬೆಂಗಳೂರಿನ ಲೈನುಗಳಲ್ಲಿ ಒಡಿಶಾ, ಜಾರ್ಖಂಡ್‌ನ ಹುಡುಗಿಯರೂ ಇದ್ದಾರೆ. ಕೆಲಸ ಮುಗಿದರೆ ಕಂಪನಿಯ ಹಾಸ್ಟೆಲಿಗೇ ಹೋಗುವ ಅವರಿಗೂ ಅವರ ಭಾಷೆಯ ಪ್ರತಿನಿಧಿ ಬೇಕು. ಆಡಿಟ್‌ನವರು ನಮ್ಮನ್ನು ಎಚ್‌ಆರ್ ರೂಮಿನಲ್ಲಿ ಮಾತಾಡಿಸದೆ ಗೇಟಿನಾಚೆ ಮಾತಾಡಿಸಲಿ. ಹೊಲಿಗೆ ಒಂದೆಳೆ ಸೊಟ್ಟಗಿದ್ದರೆ ಲಾಟನ್ನೇ ವಾಪಸ್ ಕಳಿಸುವ ಬಯರ್, ಕಮಿಟಿ ಸುಳ್ಳೆಂದು ಕಂಡರೂ ಹಾಗೆಯೇ ಮಾಡಲಿ.

ಇವುಗಳಲ್ಲಿ ಮೊದಲನೆಯದಕ್ಕೆ ಯಾವ ಬ್ರ್ಯಾಂಡಿನ ಅಪ್ಪಣೆಯೂ ಬೇಕಿಲ್ಲ. ರಾಜ್ಯದ ಕಾರ್ಮಿಕ ಇಲಾಖೆ ಮನಸ್ಸು ಮಾಡಿದರೆ ಸಾಕು. ಪೀಣ್ಯ, ಬೊಮ್ಮನಹಳ್ಳಿ, ಮದ್ದೂರಿನ ಕಾರ್ಖಾನೆಗಳಿಂದ ಕಮಿಟಿಯ ಪಟ್ಟಿ ತರಿಸಿಕೊಂಡು, ಒಬ್ಬೊಬ್ಬರನ್ನೂ ಕರೆದು ಒಂದೇ ಪ್ರಶ್ನೆ ಕೇಳಲಿ: "ನಿಮಗೆ ವೋಟು ಹಾಕಿದವರು ಯಾರಮ್ಮ?"