ಸಸ್ಯಾಹಾರಿಗಳಿಗೆ ಹುಳುವಿನ ಭಯವಿಲ್ಲವೆ?

“ನಾವು ತತ್ತೀನೂ ಮುಟ್ಟೋರಲ್ರಿ ಡಾಕ್ಟರ್ರ. ನಮ್ಮ ಹುಡುಗನ ಹೊಟ್ಟ್ಯಾಗ ಹುಳ ಹ್ಯಾಂಗ ಬಂದಾವ್ರೀ?” ಐನಾಪುರ ಸೀಮೆಯ ತಾಯಂದಿರು ಸಂಕೋಚದಿಂದ ಕೇಳುವ ಈ ಪ್ರಶ್ನೆ ನಮಗೆ ಹೊಸದಲ್ಲ. ಹೊಟ್ಟೆಹುಳುವೆಂದರೆ ಆಚಾರ ಕೆಟ್ಟ ಗುರುತೆಂದು ಭಾವಿಸಿ ಮುಚ್ಚಿಡುವವರಿದ್ದಾರೆ. ಆ ನಾಚಿಕೆಯಿಂದ ಚಿಕಿತ್ಸೆ ತಡವಾಗಿ, ಮಗು ರಕ್ತಹೀನತೆಯಿಂದ ಬಿಳಿಚಿಕೊಳ್ಳುತ್ತದೆ.

ಎಲ್ಲ ಹುಳುಗಳೂ ಮಾಂಸದಿಂದ ಬರುವುದಿಲ್ಲ. ಕುರಿ, ಆಡು, ದನಗಳಲ್ಲಿ ವಾಸಿಸುವ ಟ್ರೈಕೋಸ್ಟ್ರಾಂಜಿಲಸ್ ಎಂಬ ಕೂದಲೆಳೆಯಂತಹ ಹುಳು ಮುಖ್ಯವಾಗಿ ಹಸಿ ಸೊಪ್ಪಿನ ಮೂಲಕವೇ ಮನುಷ್ಯನನ್ನು ಸೇರುತ್ತದೆ. ಇದರ ತತ್ತಿಗಳು ಹಿಕ್ಕೆ, ಸಗಣಿಯೊಡನೆ ನೆಲಕ್ಕೆ ಬೀಳುತ್ತವೆ. ತೇವ, ನೆರಳು ದೊರೆತರೆ ಸುಮಾರು ಒಂದು ವಾರದಲ್ಲಿ ಮರಿಗಳು ಬಲಿತು, ಇಬ್ಬನಿಯ ಪಸೆಯಲ್ಲಿ ಎಲೆಯನ್ನೇರುತ್ತವೆ. ಕುರಿ ಹುಲ್ಲಿನೊಡನೆ ನುಂಗುವುದನ್ನೇ ನಾವು ಸೊಪ್ಪಿನೊಡನೆ ನುಂಗುತ್ತೇವೆ. ಹುಳು ಕೆಲವೇ ಇದ್ದರೆ ತಿಳಿಯುವುದೂ ಇಲ್ಲ. ಹೆಚ್ಚಿದರೆ ಹೊಟ್ಟೆನೋವು, ಭೇದಿ, ಅರುಚಿ, ರಕ್ತಹೀನತೆ ತೋರುತ್ತವೆ.

ನಮ್ಮ ಭಾಗದಲ್ಲಿ ರೊಟ್ಟಿಯೊಡನೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ ಬೇಕೇ ಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದವರು ಕಡಲೆಸೊಪ್ಪನ್ನು ಹೊಲದಲ್ಲಿಯೇ ಕಿತ್ತು ಬಾಯಿಗೆ ಹಾಕುತ್ತಾರೆ. ಗೊಬ್ಬರಕ್ಕೆಂದು ಕುರಿಹಿಂಡನ್ನು ಹೊಲದಲ್ಲಿ ತಂಗಿಸುವುದೂ ಹಿರಿಯರ ರೂಢಿ. ಎರಡೂ ಒಳ್ಳೆಯವೇ, ಕುರಿಗಾರರನ್ನು ದೂಷಿಸುವುದು ಅನ್ಯಾಯ. ಹಸಿ ಹಿಕ್ಕೆಗೂ ಹಸಿ ಸೊಪ್ಪಿಗೂ ನಡುವೆ ಅಂತರವಿಡದಿರುವುದೇ ನಮ್ಮ ತಪ್ಪು.

ಸಗಣಿ ಪವಿತ್ರವಲ್ಲವೆ ಎಂದು ಕೆಲವರು ಕೇಳುತ್ತಾರೆ. ಅದೇ ಸಗಣಿ ಬೆಂಕಿಯಲ್ಲಿ ಬೆಂದ ಬಳಿಕವೇ ವಿಭೂತಿಯಾಗಿ ನಮ್ಮ ಹಣೆಗೇರುತ್ತದೆ. ಹಾಗೆಯೇ ತಿಪ್ಪೆಯ ಕಾವಿನಲ್ಲಿ ಚೆನ್ನಾಗಿ ಕಳಿತ ಬಳಿಕವೇ ಗೊಬ್ಬರ ಸೊಪ್ಪಿನ ಮಡಿಗೆ ಹೋಗಲಿ.

ಚರಕಸಂಹಿತೆಯ ವಿಮಾನಸ್ಥಾನವು ಕ್ರಿಮಿಗೆ ಮೂರು ಉಪಾಯಗಳನ್ನು ಹೇಳಿದೆ: ಅಪಕರ್ಷಣ ಎಂದರೆ ಹೊರಹಾಕುವುದು, ಪ್ರಕೃತಿವಿಘಾತ ಎಂದರೆ ಅವು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು, ನಿದಾನಪರಿವರ್ಜನ ಎಂದರೆ ಕಾರಣವನ್ನು ತೊರೆಯುವುದು. ಜನರು ಔಷಧ ಕೇಳಿ ಮೂರನೆಯದನ್ನು ಮರೆಯುತ್ತಾರೆ. ವಾಯುವಿಡಂಗವು ಶ್ರೇಷ್ಠ ಕ್ರಿಮಿಘ್ನವೆಂಬುದು ನಿಜ. ಆದರೆ ವೈದ್ಯರನ್ನು ಕೇಳದೆ, ವಿಶೇಷವಾಗಿ ಗರ್ಭಿಣಿಯರು, ಅದನ್ನು ಸೇವಿಸಬಾರದು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಆಯುರ್ವೇದದ ಹೆಸರು ಹೇಳಿ ಅದನ್ನು ನಿರಾಕರಿಸುವುದನ್ನು ಆಯುರ್ವೇದ ವೈದ್ಯರಾದ ನಾವೇ ಒಪ್ಪುವುದಿಲ್ಲ. ಆದರೆ ಮಾತ್ರೆ ಒಳಗಿನ ಹುಳುವನ್ನು ಕಳೆಯುತ್ತದೆ. ತೊಳೆಯದ ಸೊಪ್ಪು ಅದನ್ನು ಮತ್ತೆ ಕರೆತರುತ್ತದೆ.

ಆದುದರಿಂದ ಕುರಿಹಿಂಡನ್ನು ಸೊಪ್ಪಿನ ಮಡಿಯಿಂದ ದೂರ ತಂಗಿಸಿರಿ. ಕುರಿ, ದನಗಳಿಗೆ ಪಶುವೈದ್ಯರ ಸಲಹೆಯಂತೆ ಜಂತಿನ ಔಷಧ ಹಾಕಿಸಿರಿ. ಹಟ್ಟಿಯ ಕೆಲಸವಾದ ಮೇಲೆ ಸಾಬೂನಿನಿಂದ ಕೈತೊಳೆಯಿರಿ. ಸೊಪ್ಪನ್ನು ಬಿಡಿಸಿ, ಎಲೆಯೆಲೆಯಾಗಿ ಶುದ್ಧ ನೀರಿನಲ್ಲಿ ಮೂರು ಬಾರಿ ತೊಳೆಯಿರಿ. ಉಪ್ಪುನೀರಿನಲ್ಲಿ ಅದ್ದಿದರೆ ಸಾಕೆಂದು ನಂಬಬೇಡಿರಿ. ಚಿಕ್ಕ ಮಕ್ಕಳಿಗೆ ಬೇಯಿಸಿದ ಪಲ್ಯವೇ ಲೇಸು. ದಾಸೋಹದ ಅಡುಗೆಮನೆಯಲ್ಲಿ ಸೊಪ್ಪು ತೊಳೆಯುವುದೂ ಬಡಿಸುವಷ್ಟೇ ಹಿರಿಯ ಕಾಯಕವೆಂದು ಭಕ್ತರು ತಿಳಿಯಬೇಕೆಂಬುದು ನಮ್ಮ ವಿನಂತಿ.